ಬೀಗದ ಕೈ ಯಾರ ಕೈಗೆ: ಮನೆಯೊಳಗಿನ ಬೆಕ್ಕುಗಳಿಗೆ ಸಿಟರ್ ಹುಡುಕುವಾಗ

ಹೊರಗೆ ಕಾಲಿಡದೆ ಫ್ಲ್ಯಾಟಿನಲ್ಲೇ ಬೆಳೆದ ಬೆಕ್ಕನ್ನು ಬಿಟ್ಟು ನಾಲ್ಕೈದು ದಿನ ಹೋಗಬೇಕಾದರೆ ಇರುವ ದಾರಿಗಳು ಮೂರು. ಹಣ ಪಡೆದು ಬೆಕ್ಕುಗಳನ್ನು ಇರಿಸಿಕೊಳ್ಳುವ ಬೋರ್ಡಿಂಗ್‌ಗೆ ಬಿಡಬಹುದು, ಪರಿಚಯದವರ ಮನೆಗೆ ಒಯ್ಯಬಹುದು, ಇಲ್ಲವೇ ಬೆಕ್ಕನ್ನು ಇದ್ದಲ್ಲೇ ಇರಿಸಿ ಯಾರನ್ನಾದರೂ ಮನೆಗೆ ಕರೆಸಿಕೊಳ್ಳಬಹುದು. ಮೊದಲೆರಡು ಕೆಟ್ಟವೆಂದೇನೂ ಅಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಔಷಧ ಬೇಕಾದ ಬೆಕ್ಕಿಗೆ ಆಸ್ಪತ್ರೆಯವರೇ ನಡೆಸುವ ಬೋರ್ಡಿಂಗ್ ವಾಸಿ. ಉಳಿದ ಬಹುಪಾಲು ಬೆಕ್ಕುಗಳು ಜನ ಬದಲಾದರೆ ಹೇಗೋ ಸಹಿಸುತ್ತವೆ, ಜಾಗ ಬದಲಾದರೆ ಸಹಿಸುವುದಿಲ್ಲ. ಹೊಸ ಜಾಗದಲ್ಲಿ ಮೂಲೆ ಹಿಡಿದು ಊಟ ಬಿಡುತ್ತವೆ. ಊಟ ಬಿಟ್ಟ ಬೆಕ್ಕು ದಪ್ಪಗಿದ್ದರಂತೂ ಕೆಲವೇ ದಿನಗಳಲ್ಲಿ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಮನೆಗೇ ಬಂದು ಬೆಕ್ಕನ್ನು ನೋಡಿಕೊಳ್ಳುವ ಸಿಟರ್ ಬೇಕು ಎನ್ನುವುದು ಇದಕ್ಕೇ.

ಹುಡುಕಲು ಹೊರಟವರು ಮೊದಲು ನೋಡುವುದು ಬೆಕ್ಕೆಂದರೆ ಪ್ರಾಣ ಬಿಡುವವರನ್ನು. ಆ ಗುಣ ಇದ್ದರೆ ಸಂತೋಷ, ಆದರೆ ಅದೊಂದರಿಂದಲೇ ಕೆಲಸ ನಡೆಯದು. ಇಲ್ಲದ್ದನ್ನು ಗಮನಿಸುವ ಕಣ್ಣು ಬೇಕು. ಬಟ್ಟಲಲ್ಲಿ ಏನಿದೆ ಎಂದು ಯಾರು ಬೇಕಾದರೂ ಹೇಳಿಯಾರು. ಬೆಕ್ಕು ಉಚ್ಚೆ ಹೊಯ್ಯುವ ಟ್ರೇಯ ಮರಳಿನಂಥ ಲಿಟ್ಟರಿನಲ್ಲಿ ನಿನ್ನೆ ಮೂರಿದ್ದ ಮೂತ್ರದ ಉಂಡೆ ಇವತ್ತು ಒಂದೂ ಇಲ್ಲವಲ್ಲ ಎಂದು ಫೋನ್ ಮಾಡುವವರು ಅಪರೂಪ. ಬೆಕ್ಕು ನೋವನ್ನು ಅಡಗಿಸಿಡುವ ಪ್ರಾಣಿ. ಅದರ ಕಾಯಿಲೆ ಮೊದಲು ಗೊತ್ತಾಗುವುದೇ ಹೀಗೆ: ತಿನ್ನಲಿಲ್ಲ, ಉಚ್ಚೆ ಹೊಯ್ಯಲಿಲ್ಲ, ಬಾಗಿಲ ಸದ್ದಿಗೆ ಎದ್ದು ಬರಲಿಲ್ಲ. ಮುಂದೆ ಹೇಳುವ ಫೋನ್ ಮಾತು, ಭೇಟಿ, ಪರೀಕ್ಷೆ ಎಲ್ಲವೂ ಈ ಕಣ್ಣು ಇದೆಯೋ ಇಲ್ಲವೋ ಎಂದು ತಿಳಿಯಲಿಕ್ಕೇ.

ಜನರನ್ನು ಹುಡುಕುವ ಮುಂಚೆ ಎಷ್ಟು ಭೇಟಿ ಬೇಕೆಂದು ತೀರ್ಮಾನಿಸಿಕೊಳ್ಳಿ. ದಿನಕ್ಕೊಮ್ಮೆ ಎಂಬುದು ಕನಿಷ್ಠ. "ಬೆಕ್ಕಲ್ವಾ, ದಿನ ಬಿಟ್ಟು ದಿನ ಬಂದ್ರೆ ಸಾಕು" ಎನ್ನುವವರನ್ನು ಅಲ್ಲಿಗೇ ಕೈಬಿಡಿ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು. ಹರಳೋ ಲೋಳೆಯೋ ಸಿಕ್ಕಿ ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲೇ ಹೃದಯ ನಿಲ್ಲಬಹುದು. ದಿನ ಬಿಟ್ಟು ಬರುವವರಿಗೆ ಇದು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಮರಿಗಳು, ವಯಸ್ಸಾದವು, ಹಿಂದೆ ಮೂತ್ರದ ತೊಂದರೆ ಕಂಡ ಗಂಡುಗಳು, ಔಷಧ ನಡೆಯುತ್ತಿರುವವು, ಇವಕ್ಕೆಲ್ಲ ದಿನಕ್ಕೆ ಎರಡು ಸಲ ಬರಬೇಕು. ಇನ್ಸುಲಿನ್ ಪಡೆಯುವ ಬೆಕ್ಕಾದರೆ ಎರಡು ಭೇಟಿಗಳ ನಡುವೆ 12 ಗಂಟೆ ಅಂತರ ಇರಬೇಕು, ಸಿಟರ್‌ನ ಬೇರೆ ಕೆಲಸಗಳಿಗೆ ತಕ್ಕಂತೆ ಅದನ್ನು ಜಗ್ಗುವಂತಿಲ್ಲ. ಒಂದೊಂದು ಭೇಟಿಯೂ ಅರ್ಧ ಗಂಟೆಗೆ ಕಡಿಮೆ ಆಗಬಾರದು. ಹತ್ತು ನಿಮಿಷದಲ್ಲಿ ಬಟ್ಟಲು ತುಂಬಿಸಿ ಟ್ರೇ ಬಗೆದು ಹೊರಡಬಹುದು ನಿಜ, ಆದರೆ ನಾಚಿಕೆಯ ಬೆಕ್ಕು ಅಷ್ಟರಲ್ಲಿ ಮಂಚದಡಿಯಿಂದ ಮೂತಿಯನ್ನೂ ಹೊರಗಿಡುವುದಿಲ್ಲ. ಆಟೊಮ್ಯಾಟಿಕ್ ಫೀಡರ್ ಇದೆಯೆಂದು ಭೇಟಿ ಕಡಿಮೆ ಮಾಡುವುದೂ ಬೇಡ. ಕಾಳು ಸಿಕ್ಕಿಕೊಂಡರೆ, ಕರೆಂಟು ಹೋಗಿ ಬ್ಯಾಟರಿಯೂ ಮುಗಿದಿದ್ದರೆ, ಅದನ್ನು ನೋಡಲಿಕ್ಕಾದರೂ ಮನುಷ್ಯರು ಬೇಕಲ್ಲ.

ಹುಡುಕುವ ಜಾಗಗಳಲ್ಲಿ ನಾವು ಮೊದಲಿಡುವುದು ನಿಮ್ಮ ಬೆಕ್ಕು ಹೋಗುವ ಕ್ಲಿನಿಕ್ಕನ್ನು. ಅಲ್ಲಿನ ಸಹಾಯಕರಲ್ಲಿ ಬಿಡುವಿನ ವೇಳೆ ಸಿಟಿಂಗ್ ಮಾಡುವವರು ಎಷ್ಟೋ ಸಲ ಇರುತ್ತಾರೆ. ಮಾತ್ರೆ ನುಂಗಿಸಲು, ಸೂಜಿ ಹಾಕಲು ಅವರ ಕೈ ಪಳಗಿರುತ್ತದೆ. ಆಮೇಲೆ ನಿಮ್ಮದೇ ಕಟ್ಟಡದಲ್ಲಿ ಬೆಕ್ಕು ಸಾಕಿದವರು. ನಗರದ ಟ್ರಾಫಿಕ್ಕು, ಮಳೆ, ಮುಷ್ಕರ ಯಾವುದೂ ಎರಡು ಮಹಡಿ ಇಳಿದು ಬರುವವರನ್ನು ತಡೆಯುವುದಿಲ್ಲ. ನೀವೂ ಅವರ ಬೆಕ್ಕನ್ನು ನೋಡಿಕೊಳ್ಳುವ ಕೊಡು-ಕೊಳ್ಳುವ ಒಪ್ಪಂದ ವರ್ಷಗಟ್ಟಲೆ ಬಾಳುತ್ತದೆ. ಆ್ಯಪ್‌ಗಳು ಕೊನೆಗೆ. ಅಲ್ಲಿನ ನಕ್ಷತ್ರಗಳಿಗಿಂತ ಹಳಬರು ಬರೆದ ಮಾತುಗಳನ್ನು ಓದಿ. ಒಂದೇ ಮನೆಯವರು ಮತ್ತೆ ಮತ್ತೆ ಕರೆದಿದ್ದಾರೆಯೇ ಎಂಬುದು ಹೆಚ್ಚು ಹೇಳುತ್ತದೆ.

ಬೀದಿಮರಿಗಳನ್ನು ತಂದು ಸಾಕುವ ರೆಸ್ಕ್ಯೂ ಬಳಗದವರಲ್ಲಿ ಅದ್ಭುತ ಸಿಟರ್‌ಗಳಿದ್ದಾರೆ, ಅಂಜುವ ಬೆಕ್ಕನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಆದರೆ ಅವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಈಗ ಮನೆಯಲ್ಲಿ ಕಾಯಿಲೆಯ ಮರಿಗಳಿವೆಯೇ? ಬೆಕ್ಕುಗಳ ಪ್ರಾಣಕ್ಕೇ ಎರವಾಗುವ ಪ್ಯಾನ್‌ಲ್ಯೂಕೋಪೀನಿಯಾ ಕಾಯಿಲೆಯ ವೈರಸ್ ಪಾರ್ವೊ ಜಾತಿಯದು. ನೆಲ, ಬಟ್ಟೆ, ಚಪ್ಪಲಿಗಳ ಮೇಲೆ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲದು. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಅದು ಬಗ್ಗುವುದಿಲ್ಲ, ಬ್ಲೀಚಿಗೆ ಬಗ್ಗುತ್ತದೆ. ಚರ್ಮಕ್ಕೆ ತಗಲುವ ರಿಂಗ್‌ವರ್ಮ್ ಶಿಲೀಂಧ್ರವೂ ಹಾಗೆಯೇ ಬಟ್ಟೆಗಂಟಿ ಬರುತ್ತದೆ. ಮನೆಯಿಂದಾಚೆ ಹೋಗದ ಬೆಕ್ಕಿಗೆ ಲಸಿಕೆ ಯಾಕೆ ಎನ್ನುವವರಿಗೆ ಉತ್ತರವೂ ಇದೇ: ಬೆಕ್ಕು ಆಚೆ ಹೋಗದಿದ್ದರೂ ಚಪ್ಪಲಿ ಒಳಗೆ ಬರುತ್ತದೆ. ಲಸಿಕೆ ಚಾಲ್ತಿಯಲ್ಲಿರಲಿ. ಬಾಗಿಲ ಹತ್ತಿರ ಸಿಟರ್‌ಗೆಂದೇ ಒಂದು ಜೊತೆ ಮನೆ ಚಪ್ಪಲಿ ಇಡಿ. ಬಂದವರು ಮೊದಲು ಸೋಪಿನಲ್ಲಿ ಕೈ ತೊಳೆಯಲಿ.

ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಅರ್ಧಕ್ಕರ್ಧ ಜನ ಸೋಸಿ ಹೋಗುತ್ತಾರೆ. "ನಿಮಗೆ ಎಷ್ಟು ವರ್ಷದ ಅನುಭವ" ಎಂದರೆ ಏನೋ ಒಂದು ಸಂಖ್ಯೆ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಸಂದರ್ಭ ಹೇಳಿ ಕೇಳಿ. "ನೀವು ಒಳಗೆ ಬಂದ್ರಿ, ಬೆಕ್ಕು ಎಲ್ಲೂ ಕಾಣ್ತಾ ಇಲ್ಲ. ಏನ್ ಮಾಡ್ತೀರಿ?" "ಎಲ್ಲೋ ಮಲಗಿರುತ್ತೆ ಬಿಡಿ" ಎಂಬುದು ಸೋತ ಉತ್ತರ. ಮೊದಲು ಬಾಗಿಲು ಕಿಟಕಿ ಭದ್ರವಾಗಿವೆಯೇ ನೋಡುತ್ತೇನೆ, ಅಡಗುವ ಜಾಗಗಳನ್ನು ಟಾರ್ಚಿನಲ್ಲಿ ನೋಡುತ್ತೇನೆ, ಕಣ್ಣಾರೆ ಕಾಣುವವರೆಗೆ ಹೊರಡುವುದಿಲ್ಲ ಎನ್ನುವವರು ಗೆದ್ದರು. ಇನ್ನೊಂದು ಪ್ರಶ್ನೆ: "ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ಕೂರ್ತಾ ಇದೆ, ಏನೂ ಬರ್ತಿಲ್ಲ." ಮಲಬದ್ಧತೆ ಇರಬೇಕು, ನಾಳೆ ನೋಡೋಣ ಎಂದರೆ ಅಲ್ಲಿಗೆ ಮುಗಿಯಿತು. ಈಗಲೇ ಆಸ್ಪತ್ರೆಗೆ ಎಂಬುದೊಂದೇ ಸರಿಯುತ್ತರ. ಮೂರನೆಯದು: "ನಿಮಗೇ ಜ್ವರ ಬಂದ್ರೆ ಯಾರು ಬರ್ತಾರೆ?" ಒಬ್ಬರೇ ದುಡಿಯುವವರ ಬಳಿ ಇದಕ್ಕೆ ಉತ್ತರ ಇಲ್ಲದಿರುವುದು ಸಹಜ, ಇಲ್ಲವೆಂದು ನೇರ ಹೇಳಿದರೆ ಅದೂ ಒಳ್ಳೆಯ ಗುರುತೇ. "ಯಾರನ್ನಾದ್ರೂ ಕಳಿಸ್ತೀನಿ" ಎಂಬ ಮಾತಿಗೆ ಮಾತ್ರ ಹುಷಾರು. ಆ ಯಾರೋ ಒಬ್ಬರ ಕೈಗೆ ನಿಮ್ಮ ಮನೆಯ ಕೀ ಹೋಗುತ್ತದೆ. ಅವರು ತಿರುಗಿ ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಎಂಬುದನ್ನೂ ಲೆಕ್ಕಕ್ಕಿಡಿ. ಔಷಧ, ಅಡಗುವ ಜಾಗ, ಹಳೆಯ ಕಾಯಿಲೆ ಕೇಳುವ ಮೊದಲೇ ದುಡ್ಡಿನ ಮಾತು ಮುಗಿಸುವವರು ನಮಗೆ ಅಷ್ಟಾಗಿ ಹಿಡಿಸುವುದಿಲ್ಲ.

ಹಿಂದೆ ಕೆಲಸ ಮಾಡಿದ ಇಬ್ಬರು ಮನೆಯವರ ನಂಬರ್ ಕೇಳಿ ಪಡೆದು ಫೋನ್ ಮಾಡಿ. "ಒಳ್ಳೆಯವರಾ?" ಎಂದರೆ ಎಲ್ಲರೂ ಒಳ್ಳೆಯವರೇ. ಹೇಳಿದ ಹೊತ್ತಿಗೆ ಬರುತ್ತಿದ್ದರಾ, ಏನಾದರೂ ಕೆಟ್ಟರೆ ತಾವಾಗಿಯೇ ತಿಳಿಸಿದರಾ, ಅವರಿಗೆ ಮತ್ತೆ ಕೀ ಕೊಡುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಚಿಕ್ಕ ಮೌನವೂ ಉತ್ತರವೇ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುವುದಕ್ಕೆ ಸಂಕೋಚ ಬೇಡ, ಈ ಕೆಲಸವನ್ನು ವೃತ್ತಿಯಾಗಿ ಮಾಡುವವರು ಅದನ್ನು ತಪ್ಪು ತಿಳಿಯುವುದಿಲ್ಲ.

ಮುಖಾಮುಖಿ ಭೇಟಿ ನಿಮ್ಮ ಮನೆಯಲ್ಲೇ ಆಗಲಿ, ಬೆಕ್ಕಿನೆದುರಿಗೆ. ಬಂದವರು ನೇರವಾಗಿ ಬೆಕ್ಕಿನ ಕಡೆ ನುಗ್ಗಿ ಎತ್ತಿಕೊಳ್ಳಲು ನೋಡಿದರೆ ಅವರಿಗೆ ಗೊತ್ತಿರುವುದು ನಾಯಿ. ಬಲ್ಲವರು ನೆಲಕ್ಕೆ ಕೂತು, ಬೆಕ್ಕಿನ ಕಡೆ ನೋಡದೆ ನಿಮ್ಮ ಜೊತೆ ಮಾತಾಡುತ್ತಿರುತ್ತಾರೆ. ಬೆಕ್ಕು ತಾನಾಗಿ ಬಂದರೆ ಬೆರಳೊಂದನ್ನು ಮೂಗಿನ ಮಟ್ಟಕ್ಕೆ ಚಾಚಿ ಮೂಸಲು ಬಿಡುತ್ತಾರೆ. ಕಣ್ಣಿಗೆ ಕಣ್ಣು ಸಿಕ್ಕರೆ ನಿಧಾನ ರೆಪ್ಪೆ ಮುಚ್ಚಿ ತೆರೆಯುತ್ತಾರೆ. ಮುಟ್ಟಿದರೂ ಕೆನ್ನೆ, ಗದ್ದ ಅಷ್ಟೇ, ಹೊಟ್ಟೆಗೆ ಕೈ ಹಾಕುವುದಿಲ್ಲ. ಬೆಕ್ಕು ಆ ಹೊತ್ತಿಡೀ ಹೊರಗೆ ಬರಲೇ ಇಲ್ಲವೆಂದರೂ ಸಿಟರ್ ನಪಾಸಾದಂತಲ್ಲ. ಬೆಕ್ಕನ್ನು ಎಳೆದು ಹೊರತೆಗೆಯುವ ಗೋಜಿಗೆ ಅವರು ಹೋಗಲಿಲ್ಲವೆಂದರೆ ಪಾಸು.

ಮಾತ್ರೆ ಇದ್ದರೆ ನೀವು ಒಮ್ಮೆ ಕೊಟ್ಟು ತೋರಿಸಿ, ಮುಂದಿನ ಡೋಸ್ ಅವರೇ ನಿಮ್ಮೆದುರು ಕೊಡಲಿ. ಮಾತ್ರೆ ನುಂಗಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನವಾಗಿ ಐದಾರು ಮಿಲಿ ನೀರು ಕುಡಿಸಬೇಕು. ಬೆಕ್ಕಿನ ಅನ್ನನಾಳದಲ್ಲಿ ಮಾತ್ರೆ ಒಣಗಿ ಅಂಟಿಕೊಳ್ಳುವುದು ಸಾಮಾನ್ಯ, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆಗಳು ಅಲ್ಲೇ ಹುಣ್ಣು ಮಾಡುತ್ತವೆ. ಇನ್ಸುಲಿನ್ ವಿಷಯದಲ್ಲಿ ಎರಡು ಸಾಲು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ: ಊಟ ಮಾಡಿಲ್ಲದಿದ್ದರೆ ಚುಚ್ಚುವ ಮುಂಚೆ ಡಾಕ್ಟರಿಗೆ ಫೋನ್, ತೂರಾಡಿದರೆ, ಬಿದ್ದರೆ, ಒಸಡಿಗೆ ಜೇನುತುಪ್ಪ ಅಥವಾ ಸಕ್ಕರೆ ಪಾಕ ಸವರಿ ತಕ್ಷಣ ಆಸ್ಪತ್ರೆ. ಚುಚ್ಚಿದ್ದೇನೋ ಇಲ್ಲವೋ ಎಂದು ಅನುಮಾನ ಬಂದರೆ ಮತ್ತೆ ಚುಚ್ಚಕೂಡದು. ಒಂದು ಡೋಸ್ ತಪ್ಪಿದರೆ ದೊಡ್ಡ ಹಾನಿಯಿಲ್ಲ, ಎರಡು ಬಿದ್ದರೆ ಪ್ರಾಣಕ್ಕೆ ಸಂಚಕಾರ.

ಇಷ್ಟಾದ ಮೇಲೆ ಪರೀಕ್ಷಾ ಭೇಟಿ. ಇದನ್ನು ಬಿಟ್ಟವರೇ ಹೆಚ್ಚು, ಎಲ್ಲ ಹಂತಗಳಲ್ಲಿ ಬಿಡಬಾರದ್ದೂ ಇದೇ. ನೀವು ಊರಲ್ಲಿರುವಾಗಲೇ ಒಂದು ದಿನ ಹಣ ಕೊಟ್ಟು ಕರೆಸಿ, ನೀವು ಮಾತ್ರ ಮನೆಯಲ್ಲಿರಬೇಡಿ. ವಾಚ್‌ಮನ್ ಒಳಗೆ ಬಿಟ್ಟರೇ, ನಕಲಿ ಕೀ ತಿರುಗಿತೇ, ಅಲಾರಂ ಕೋಡ್ ನೆನಪಿತ್ತೇ, ಬೆಕ್ಕು ನೀವಿಲ್ಲದಾಗ ಅವರನ್ನು ಕಂಡು ಏನು ಮಾಡಿತು, ಇದೆಲ್ಲ ಆ ಒಂದು ಭೇಟಿಯಲ್ಲಿ ಹೊರಬೀಳುತ್ತದೆ. ಹೊಸದಾಗಿ ಮಾಡಿಸಿದ ಕೀ ನಿಮ್ಮ ಕೈಯಲ್ಲಿ ಅಲ್ಲಾಡಿಸಿದರೆ ತೆರೆಯುತ್ತದೆ, ಅಪರಿಚಿತ ಕೈಯಲ್ಲಿ ತೆರೆಯುವುದಿಲ್ಲ. ಇದನ್ನು ವಿಮಾನ ಹತ್ತಿದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿಯುವುದು ಮೇಲು. ಸಣ್ಣದೊಂದು ಉಪಾಯವನ್ನೂ ಮಾಡಬಹುದು. ಹೋಗುವ ಮುಂಚೆ ನೀರಿನ ಬಟ್ಟಲುಗಳಲ್ಲಿ ಒಂದನ್ನು ಖಾಲಿ ಬಿಡಿ, ಅದರ ಬಗ್ಗೆ ಏನೂ ಹೇಳಬೇಡಿ. ತುಂಬಿಸಿ, "ಬಾಲ್ಕನಿ ಪಕ್ಕದ ಬಟ್ಟಲು ಒಣಗಿತ್ತು" ಎಂದು ಬರೆದವರನ್ನು ಬಿಡಬೇಡಿ.

ಕೀ ಎರಡು ಮಾಡಿಸಿ. ಒಂದು ಸಿಟರ್ ಹತ್ತಿರ, ಇನ್ನೊಂದು ಅದೇ ನಗರದಲ್ಲಿರುವ, ಸಿಟರ್‌ಗೂ ಪರಿಚಯ ಮಾಡಿಸಿದ ಮತ್ತೊಬ್ಬರ ಹತ್ತಿರ. ಕೀ ಚೈನಿಗೆ ಮನೆ ನಂಬರಿನ ಚೀಟಿ ಕಟ್ಟಬೇಡಿ. ಒಳಗಿನಿಂದ ಮಾತ್ರ ತೆರೆಯುವ ಚಿಲಕ ತಾನಾಗಿ ಬೀಳುವ ಬಾಗಿಲಾದರೆ ಅದನ್ನು ಮೊದಲೇ ತೆಗೆಸಿ. ಕ್ಯಾಮೆರಾ ಇದ್ದರೆ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಒಳ್ಳೆಯ ಸಿಟರ್ ಮತ್ತೆ ಬರುವುದಿಲ್ಲ, ಬರಲೂಬಾರದು. ರಾತ್ರಿ ಉಳಿಯುವವರಿದ್ದರೆ ಅವರು ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ.

ಮನೆಯನ್ನು ಸಜ್ಜು ಮಾಡುವುದು ನಿಮ್ಮ ಕೆಲಸ, ಅದರಲ್ಲಿ ಸಿಟರ್‌ನ ತಪ್ಪು ಹುಡುಕುವಂತಿಲ್ಲ. ಕಿಟಕಿ, ಬಾಲ್ಕನಿಗಳಿಗೆ ಗಟ್ಟಿ ಜಾಲರಿ ಇಲ್ಲದಿದ್ದರೆ ಅವು ಮುಚ್ಚಿಯೇ ಇರಬೇಕು, ಸೊಳ್ಳೆ ಪರದೆಯನ್ನು ಬೆಕ್ಕು ಉಗುರಿನಲ್ಲೇ ಹರಿದುಹಾಕುತ್ತದೆ. ಎಲ್ಲಿಂದ ಬಿದ್ದರೂ ಬೆಕ್ಕು ಕಾಲೂರಿ ನಿಲ್ಲುತ್ತದೆ ಎಂಬ ಮಾತಿದೆಯಲ್ಲ, ಅದನ್ನು ಎತ್ತಿಹಿಡಿಯಲು 1987ರ ನ್ಯೂಯಾರ್ಕ್ ಅಧ್ಯಯನವೊಂದನ್ನು ಉದಾಹರಿಸುವವರಿದ್ದಾರೆ. ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಆ ವರದಿಯಲ್ಲಿ ಚಿಕಿತ್ಸೆ ಸಿಕ್ಕವುಗಳ ಪೈಕಿ ನೂರಕ್ಕೆ ತೊಂಬತ್ತು ಬದುಕಿದ್ದು ನಿಜ. ಆದರೆ ಅದು ಆಸ್ಪತ್ರೆಗೆ ತಂದ ಬೆಕ್ಕುಗಳ ಲೆಕ್ಕ. ಬಿದ್ದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲ.

ಲಿಲ್ಲಿ ಹೂವು ಮನೆಯಲ್ಲಿ ಇರಕೂಡದು. ಎಲೆ, ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಸಿಟರ್ ಹೂಗುಚ್ಛ ತಂದುಕೊಡುವ ಪೈಕಿಯಾದರೆ ಅವರಿಗೂ ಹೇಳಿ. ದಾರ, ಸೂಜಿ, ಕೂದಲ ರಬ್ಬರ್ ಬ್ಯಾಂಡ್ ಎಲ್ಲ ಡ್ರಾಯರಿನೊಳಗೆ. ಬಾಯಿಂದಲೋ ಹಿಂದಿನಿಂದಲೋ ದಾರ ಇಳಿಬಿದ್ದದ್ದು ಕಂಡರೆ ಎಳೆಯಬಾರದು, ಒಳಗಿನ ಕರುಳು ಕೊಯ್ದುಹೋಗುತ್ತದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಹನಿಮದ್ದೂ ವಿಷ, ಅದನ್ನು ಈಗಷ್ಟೇ ತಮ್ಮ ನಾಯಿಗೆ ಹಾಕಿ ಕೈ ತೊಳೆಯದೆ ಬರುವ ಸಿಟರ್‌ಗಳಿರುತ್ತಾರೆ. ವಾಷಿಂಗ್ ಮಷಿನ್ ಬಾಗಿಲು ಮುಚ್ಚಿರಲಿ, ಮುಚ್ಚುವ ಮುಂಚೆ ಒಳಗೆ ಕೈ ಹಾಕಿ ನೋಡಿ. ಕೋಣೆಗಳ ಬಾಗಿಲಿಗೆ ಅಡ್ಡಲಾಗಿ ಏನಾದರೂ ಇಡಿ, ಗಾಳಿಗೆ ಬಡಿದು ಬೆಕ್ಕು ಟ್ರೇ ಇಲ್ಲದ ಕಡೆ ಸಿಕ್ಕಿಬೀಳುವುದು ತಪ್ಪುತ್ತದೆ.

ಒಣ ಆಹಾರವನ್ನು ಅಡುಗೆಯ ತಕ್ಕಡಿಯಲ್ಲಿ ತೂಗಿ, ಒಂದೊಂದು ಹೊತ್ತಿಗೆ ಒಂದೊಂದು ಡಬ್ಬಿಯಂತೆ ತುಂಬಿಡಿ. ಡಬ್ಬಿಯ ಮೇಲೆ ದಿನ, ಹೊತ್ತು ಬರೆದಿರಲಿ. ನಾಲ್ಕು ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಬೇಕಾಗುತ್ತದೆ, ಪ್ಯಾಕೆಟ್ಟಿನ ಮೇಲಿನ ಕ್ಯಾಲರಿ ನೋಡಿ ಹೊಂದಿಸಿಕೊಳ್ಳಿ. ಡಬ್ಬಿ ಇದ್ದರೆ "ಒಂದು ಮುಷ್ಟಿ ಹಾಕಿದೆ" ಎಂಬ ಮಾತೇ ಇರುವುದಿಲ್ಲ, ಉಳಿದದ್ದು ಎಷ್ಟೆಂಬುದೂ ತಿಳಿಯುತ್ತದೆ. ನೀವು ಹಿಂತಿರುಗುವುದು ತಡವಾದರೆಂದು ಮೂರು ದಿನದ್ದು ಹೆಚ್ಚಿಗೆ ಇಡಿ. ಹೋಗುವ ವಾರ ಮಾತ್ರ ಆಹಾರದ ಬ್ರ್ಯಾಂಡೂ ಲಿಟ್ಟರ್ ಬ್ರ್ಯಾಂಡೂ ಬದಲಿಸಬೇಡಿ.

ಇನ್ನು ಟ್ರೇ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಇರಬೇಕು ಎಂಬುದು ಹಳೆಯ ಲೆಕ್ಕ. ಉಂಡೆ ಕಟ್ಟುವ ಲಿಟ್ಟರನ್ನು ಐದಾರು ಸೆಂಟಿಮೀಟರ್ ದಪ್ಪಕ್ಕೆ ಹಾಕಿ. ತೆಳ್ಳಗೆ ಹಾಕಿದರೆ ಉಚ್ಚೆ ತಳಕ್ಕಿಳಿದು ಅಂಟಿ, ಬಗೆಯುವಾಗ ಉಂಡೆ ಒಡೆದು ಎಣಿಕೆ ತಪ್ಪುತ್ತದೆ. ಆರೋಗ್ಯದ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಉಚ್ಚೆ ಹೊಯ್ಯುತ್ತದೆ. ನಿಮ್ಮ ಬೆಕ್ಕಿನ ಲೆಕ್ಕವನ್ನು ಹೊರಡುವ ಮುಂಚಿನ ವಾರ ನೀವೇ ಎಣಿಸಿ ಬರೆದಿಡಿ. ಉಂಡೆ ಒಮ್ಮೆಲೇ ದೊಡ್ಡದಾದರೆ ನೀರು ಹೆಚ್ಚು ಕುಡಿಯುತ್ತಿದೆ ಎಂದರ್ಥ. ಗೋಲಿಯಷ್ಟು ಸಣ್ಣವು ಹತ್ತಾರು ಕಂಡರೆ ಮೂತ್ರಕೋಶದ ಉರಿ ಇರಬಹುದು. ಒಂದೂ ಇಲ್ಲದಿದ್ದರೆ ಫೋನ್ ಎತ್ತಿ. ಎರಡು ಬೆಕ್ಕುಗಳಿದ್ದಾಗ ಯಾವುದು ಯಾವುದರದ್ದೆಂದು ತಿಳಿಯದು ಎಂಬುದೇ ತೊಡಕು. ಅನುಮಾನ ಬಂದದ್ದನ್ನು ಟ್ರೇ, ನೀರು ಸಮೇತ ಒಂದು ಕೋಣೆಯಲ್ಲಿ ಕೆಲವು ಗಂಟೆ ಬೇರೆ ಇಡುವುದೇ ದಾರಿ, ಆದರೆ ಅದು ಗಂಡಾಗಿದ್ದು ತಿಣುಕುತ್ತಿದ್ದರೆ ಕಾಯುತ್ತ ಕೂರುವಂತಿಲ್ಲ. ಗರ್ಭಿಣಿ ಸಿಟರ್ ಆದರೆ ಟ್ರೇ ಕೆಲಸ ಬೇರೆಯವರು ಮಾಡಲಿ. ಗರ್ಭದ ಮಗುವಿಗೆ ಕುತ್ತು ತರಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಹೊರಬಿದ್ದರೂ ಸೋಂಕು ತಗಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಬಗೆಯಬೇಕೆನ್ನಲು ಅದೂ ಒಂದು ಕಾರಣ.

"ಎರಡೂ ಚೆನ್ನಾಗಿವೆ" ಎಂಬ ಮೆಸೇಜು, ಜೊತೆಗೊಂದು ಮುದ್ದಾದ ಫೋಟೊ. ಇದರಿಂದ ಏನೂ ತಿಳಿಯುವುದಿಲ್ಲ. ಬೇಕಾದದ್ದು ಇಂಥದ್ದು: "ಬೆಳಗ್ಗೆ 8.10. ಇಬ್ಬರನ್ನೂ ನೋಡಿದೆ. ಕರಿಯ ಬಾಗಿಲಿಗೇ ಬಂದ. ಚಿನ್ನಿ ವಾರ್ಡ್‌ರೋಬ್ ಮೇಲಿದ್ದಳು, ಡಬ್ಬಿ ಅಲ್ಲಾಡಿಸಿದ ಮೇಲೆ ಇಳಿದಳು. ರಾತ್ರಿ ಇಟ್ಟದ್ದರಲ್ಲಿ ಚಿನ್ನಿ ಬಟ್ಟಲಲ್ಲಿ 10 ಗ್ರಾಂ ಉಳಿದಿದೆ. ದೊಡ್ಡ ಟ್ರೇ ಉಂಡೆ 3, ಕಕ್ಕ 1, ಗಟ್ಟಿ. ಚಿಕ್ಕ ಟ್ರೇ ಉಂಡೆ 1. ಸೋಫಾ ಹಿಂದೆ ವಾಂತಿ, ಕೂದಲುಂಡೆ ಇತ್ತು, ಒರೆಸಿದೆ. ಬಾಲ್ಕನಿ ಬಾಗಿಲು ಹಾಕಿದೆ. 8.50ಕ್ಕೆ ಹೊರಟೆ." ಜೊತೆಗೆ ಬಗೆಯುವ ಮುಂಚಿನ ಟ್ರೇ ಫೋಟೊ, ಉಳಿದ ಊಟದ ಫೋಟೊ, ಎರಡೂ ಮುಖಗಳ ಫೋಟೊ. ಟ್ರೇ ಫೋಟೊ ಕೇಳಲು ನಾಚಿಕೆಪಡುವವರಿದ್ದಾರೆ, ನಾವಂತೂ ಮುಖದ ಫೋಟೊಗಿಂತ ಮೊದಲು ಅದನ್ನೇ ತೆರೆಯುವುದು. 24 ಗಂಟೆ ಏನೂ ತಿಂದಿಲ್ಲವೆಂದರೆ ಡಾಕ್ಟರಿಗೆ ಫೋನ್ ಹೋಗಬೇಕು ಎಂದು ಮೊದಲೇ ಒಪ್ಪಿಕೊಳ್ಳಿ. ಈ ಫೋಟೊಗಳನ್ನು ನೀವು ಹಿಂತಿರುಗುವವರೆಗೆ ಎಲ್ಲೂ ಹಾಕಬಾರದು ಎಂಬುದೂ ಒಪ್ಪಂದದಲ್ಲಿರಲಿ. ಕಿಟಕಿಯಾಚೆಯ ನೋಟ ಸಾಕು, ಖಾಲಿ ಮನೆ ಯಾವುದೆಂದು ಕಂಡುಹಿಡಿಯಲು.

ಕ್ಲಿನಿಕ್ಕಿಗೆ ಒಂದು ಸಹಿ ಮಾಡಿದ ಪತ್ರ ಕೊಟ್ಟಿರಿ. ಇಂಥ ದಿನದಿಂದ ಇಂಥ ದಿನದವರೆಗೆ ಇವರು ನನ್ನ ಬೆಕ್ಕನ್ನು ತಂದರೆ ಚಿಕಿತ್ಸೆ ಕೊಡಿ, ಇಷ್ಟು ಮೊತ್ತದವರೆಗೆ ನನ್ನನ್ನು ಕೇಳಲು ಕಾಯಬೇಡಿ, ಹಣ ನಾನು ಕೊಡುತ್ತೇನೆ ಎಂದು. ನಾನು ಫೋನಿಗೆ ಸಿಗದಿದ್ದರೆ ಇಂಥವರ ಮಾತು ನನ್ನ ಮಾತು ಎಂಬ ಸಾಲೂ ಇರಲಿ. ದಯಾಮರಣದ ತೀರ್ಮಾನ ಸಿಟರ್‌ನ ತಲೆಗೆ ಬೀಳಬಾರದು. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು ಎಂದು ಬರೆದಿಡಿ. ಕ್ಯಾರಿಯರನ್ನು ಅಟ್ಟದಿಂದ ಇಳಿಸಿ, ಬಾಗಿಲು ತೆಗೆದು, ಒಳಗೊಂದು ಹಳೆ ಟವೆಲ್ ಹಾಸಿ ಹಾಲಿನಲ್ಲೇ ಇಡಿ.

ಬೆಕ್ಕು ತಪ್ಪಿಸಿಕೊಂಡು ಹೊರಗೆ ಹೋದರೆ ಏನು ಮಾಡಬೇಕೆಂಬುದೂ ಬರೆದಿರಬೇಕು, ಆ ಗಾಬರಿಯಲ್ಲಿ ಯಾರಿಗೂ ಯೋಚನೆ ಓಡುವುದಿಲ್ಲ. ಒಳಗೇ ಬೆಳೆದ ಬೆಕ್ಕು ಹೆಚ್ಚಾಗಿ ದೂರ ಹೋಗುವುದಿಲ್ಲ. ಮೊದಲು ಸಿಕ್ಕ ಸಂದಿಯಲ್ಲಿ ನುಸುಳಿ, ಹೆಸರು ಹಿಡಿದು ಕೂಗಿದರೂ ಸದ್ದು ಮಾಡದೆ ಕೂರುತ್ತದೆ. ಮೆಟ್ಟಿಲ ಕೆಳಗೆ, ಶೂ ರ್‍ಯಾಕ್ ಹಿಂದೆ, ಮೀಟರ್ ಕೋಣೆ, ಪಾರ್ಕಿಂಗಿನ ಕಾರುಗಳಡಿ ಹುಡುಕಬೇಕು. ನೆಲಕ್ಕೆ ಬಗ್ಗಿ ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುತ್ತದೆ. ನಡುರಾತ್ರಿ ಜನ ಓಡಾಡದ ಹೊತ್ತಿನಲ್ಲಿ ಮತ್ತೊಮ್ಮೆ ನೋಡಬೇಕು. ಹಿಂದೆ ಓಡಬಾರದು. ಚರ್ಮದಡಿ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆ ಕಾಗದದಲ್ಲಿರಲಿ, ಅದಕ್ಕೆ ಸೇರಿಸಿದ ಫೋನ್ ನಂಬರ್ ಹಳೆಯದಲ್ಲವೇ ನೋಡಿಕೊಳ್ಳಿ. ತಪ್ಪಿಸಿಕೊಳ್ಳುವುದನ್ನೇ ತಡೆಯಲು ಒಂದು ಅಭ್ಯಾಸ ಸಾಕು: ಬಾಗಿಲನ್ನು ಬೆರಳಗಲ ತೆರೆದು, ಮೊಣಕಾಲೆತ್ತರದಲ್ಲಿ ಬ್ಯಾಗ್ ಅಡ್ಡ ಹಿಡಿದು ಒಳಬರುವುದು.

ಹಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಭೇಟಿಗೆ ಇಷ್ಟು, ಎರಡನೇ ಬೆಕ್ಕಿಗೆ, ಔಷಧಕ್ಕೆ, ರಜಾದಿನಕ್ಕೆ ಇಷ್ಟಿಷ್ಟು, ರದ್ದಾದರೆ ಹೀಗೆ ಎಂದು ಮೆಸೇಜಿನಲ್ಲೇ ಬರೆದು ಇಬ್ಬರೂ ಒಪ್ಪಿದರೆ ಆಯಿತು.

ಎಡವಟ್ಟಾಗುವುದು ಹೆಚ್ಚಾಗಿ ಕೊನೆಯ ದಿನ. ನೀವು ಸಂಜೆ ಬರುತ್ತೀರಿ ಎಂದು ಸಿಟರ್ ಬೆಳಗ್ಗೆಯೇ ಕೀ ವಾಪಸ್ ಇಟ್ಟು ಹೋಗುತ್ತಾರೆ, ನಿಮ್ಮ ವಿಮಾನ ರದ್ದಾಗುತ್ತದೆ, ಫೋನಿನ ಚಾರ್ಜು ಮುಗಿದಿರುತ್ತದೆ. ನಿಯಮವನ್ನೇ ತಿರುಗಿಸಿಡಿ: "ಮನೆಯೊಳಗೆ ಬಂದೆ" ಎಂಬ ನಿಮ್ಮ ಮೆಸೇಜು ಬರುವವರೆಗೆ ಸಿಟರ್ ಬರುತ್ತಲೇ ಇರಬೇಕು, ಕೀ ಅವರ ಹತ್ತಿರವೇ ಇರಬೇಕು. ಬರಬೇಡಿ ಎನ್ನಲು ನಿಮ್ಮ ಮೆಸೇಜು ಬೇಕು, ಬನ್ನಿ ಎನ್ನಲು ಬೇಕಿಲ್ಲ. ಹೆಚ್ಚಾದ ಭೇಟಿಗೆ ಹಣ ಕೊಡುವುದಂತೂ ಇದ್ದೇ ಇದೆ.

ಒಳ್ಳೆಯವರು ಸಿಕ್ಕರೆ ದೊಡ್ಡ ರಜೆಗಳಿಗೆ ಒಂದೆರಡು ತಿಂಗಳು ಮುಂಚೆಯೇ ಹೇಳಿಡಿ, ಅವರನ್ನು ಹುಡುಕಿಕೊಂಡವರು ನೀವೊಬ್ಬರೇ ಅಲ್ಲ. ಅವರಿಗೆ ಬಿಡುವಿಲ್ಲದಾಗ ಬರಲು ಎರಡನೆಯವರೊಬ್ಬರು ಬೇಕು. ಆ ಎರಡನೆಯವರಿಗೂ ಆಗಾಗ ಒಂದು ವಾರಾಂತ್ಯದ ಕೆಲಸ ಕೊಡುತ್ತಿರಿ. ಬೆಕ್ಕಿಗೆ ಅವರ ಗುರುತು ಉಳಿಯುತ್ತದೆ, ಬೀಗ ಬದಲಿಸಿದ್ದೀರಿ, ಹೊಸ ಕೀ ಅವರಿಗೆ ಕೊಟ್ಟಿಲ್ಲ ಎಂಬುದೂ ಆಗಲೇ ನೆನಪಾಗುತ್ತದೆ.